ಲುಗಾಜುವಿನ ಸೀಟು

ಸಾಯುವ ಮೊದಲು ವುಸಿಮುಝಿಯ ಅಪ್ಪನಿಗೆ ಆಗಬೇಕಾದ ಕೆಲಸ ಒಂದೇ ಇತ್ತು. ಇಸಾಂಡ್ಲ್ವಾನಾ ಗುಡ್ಡದಡಿ ನಡೆದ ಯುದ್ಧದಲ್ಲಿ ಬ್ರಿಟಿಷರ ಗುಂಡಿಗೆ ಬಿದ್ದ ಮುತ್ತಜ್ಜ ಲುಗಾಜುವಿನ ಆತ್ಮ, ನೂರೈವತ್ತು ವರ್ಷವಾಗುತ್ತ ಬಂದರೂ ಮನೆ ಸೇರಿರಲಿಲ್ಲ. ಯಾರೂ ಹೋಗಿ ಕರೆದಿರಲಿಲ್ಲ, ಅಷ್ಟೆ.

"ನಾಳೆ ಸತ್ತು ಹೋದ್ರೆ ಅವನಿಗೆ ಹೆಂಗೋ ಮುಖ ತೋರಿಸ್ಲಿ?" ಎಂದು ಅಪ್ಪ ದಿನಾ ಗೋಳಾಡುತ್ತಿದ್ದ.

ಎಲಚಿ ಮುಳ್ಳಿನ ಕೊಂಬೆ ಹಿಡಿದು, ಬಿದ್ದ ಜಾಗದಲ್ಲಿ ಹೆಸರು ಹಿಡಿದು ಕರೆಯಬೇಕು; ಆತ್ಮ ಆ ಕೊಂಬೆಯೇರಿ ಬರುತ್ತದೆ. ಮನೆಯ ಹೊಸಿಲು ದಾಟುವ ತನಕ ಅಜ್ಜನ ಜೊತೆ ಬಿಟ್ಟು ಬೇರೊಂದು ನರಪಿಳ್ಳೆಯ ಜೊತೆಗೂ ಮಾತಾಡಬಾರದು. ಆಡಿದರೆ ಅಜ್ಜ ಅಲ್ಲೇ ನಿಂತುಬಿಡುತ್ತಾನೆ. ಮತ್ತೆ ಹೊಸ ಕೊಂಬೆ, ಬಲಿಗೆ ಹೊಸ ಹೋತ, ಹೊಸ ದಿನ. ಅಪ್ಪನ ಬಳಿ ಅಷ್ಟು ದಿನ ಉಳಿದಿರಲಿಲ್ಲ.

ಅಷ್ಟು ದೂರಕ್ಕೆ ವುಸಿಮುಝಿಗೆ ವ್ಯಾನು ಕೊಟ್ಟವನು ಆ ಯುದ್ಧದ ಸಾಕ್ಷ್ಯಚಿತ್ರ ತೆಗೆಯಲು ಬಂದಿದ್ದ ಕಾಲಿನ್ ಎಂಬ ಬಿಳಿಯ. ಬದಲಿಗೆ ಕೊಂಬೆ ಹಿಡಿದು ನಡೆಯುವುದನ್ನು ಚಿತ್ರ ತೆಗೆಯಲು ಬಿಡಬೇಕಂತೆ. ಅವನ ದುಭಾಷಿ ನೊಂಟೊಬೆಕೊ ವುಸಿಮುಝಿಯ ಜನದವಳೇ.

"ತೆಕ್ಕೊಳ್ಳಿ. ಆದ್ರೆ ಬರುವಾಗ ನನ್ನನ್ನ ಯಾರೂ ಮಾತಾಡಿಸ್ಬಾರ್ದು. ಪಕ್ಕದ ಸೀಟು ಖಾಲಿ ಬಿಡ್ಬೇಕು, ಅಜ್ಜನಿಗೆ" ಎಂದ ವುಸಿಮುಝಿ.

"ನಾನಿದೀನಲ್ಲ ಅಣ್ಣ, ನೋಡ್ಕೋತೀನಿ" ಎಂದಳು ಅವಳು.

ಗುಡ್ಡದಡಿ ಸುಣ್ಣ ಬಳಿದ ಕಲ್ಲುರಾಶಿಗಳೆಲ್ಲ ಬ್ರಿಟಿಷ್ ಸಿಪಾಯಿಗಳವು. ಲುಗಾಜುವಿಗೆ ಒಂದು ಕಲ್ಲೂ ಇಲ್ಲ. ವುಸಿಮುಝಿ ಹುಲ್ಲಿನ ಮೇಲೆ ಕೊಂಬೆ ಎಳೆದ. "ಅಜ್ಜಾ, ಲುಗಾಜು, ಏಳಪ್ಪ. ಮನೆಗೆ ಹೋಗೋಣ."

ಕೈಯಲ್ಲಿ ಕೊಂಬೆ ಭಾರವಾಯಿತು. ದೇವರಾಣೆ, ಭಾರವಾಯಿತು. ಅವನಿಗೆ ಅಳು ಉಕ್ಕಿ ಬಂತು.

ಅವನು ನಡೆಯುತ್ತಿದ್ದಂತೆ ಕಾಲಿನ್ ಕ್ಯಾಮೆರಾ ಕಡೆ ಮುಖ ಮಾಡಿ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಶುರುಮಾಡಿದ. "ಸಾವಿನ ಭಯವೇ ಗೊತ್ತಿಲ್ಲದ ಜನ. ನಗುತ್ತ ಗುಂಡಿಗೆ ಎದೆಯೊಡ್ಡಿದರು." ಡರ್ಬನ್ ಬಂದರಿನಲ್ಲಿ ದುಡಿದಿದ್ದ ವುಸಿಮುಝಿಗೆ ಇಂಗ್ಲಿಷು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ತುಟಿ ಕಚ್ಚಿಕೊಂಡ. ಮೋಡ ಅಡ್ಡ ಬಂತೆಂದು ಕಾಲಿನ್ ಅದನ್ನೇ ಮತ್ತೆ ಹೇಳಿದ. ಈ ಸಲ ಒಂದು ಸಾಲು ಹೆಚ್ಚು: "ಮನೆ ಮಕ್ಕಳ ಯೋಚನೆ ಇವರಿಗಿರಲಿಲ್ಲ."

"ಯಾರಯ್ಯ ನಿಂಗೆ ಹೇಳಿದ್ದು?" ವುಸಿಮುಝಿ ಅರಚಿದ, ತನ್ನ ಭಾಷೆಯಲ್ಲೇ. "ಭಯ ಇತ್ತು ಕಣಯ್ಯಾ ಅವನಿಗೆ! ಕೈ ನಡುಗಿ ಗುರಾಣಿ ನಿಲ್ತಿರ್ಲಿಲ್ಲ. ಮನೇಲಿ ಮಗೂಗೆ ಜ್ವರ, ವಾಪಸ್ ಹೋಗ್ಲಾ ಅಂತ ಪಕ್ಕದವನ್ನ ಕೇಳಿದ್ದ!"

ನೊಂಟೊಬೆಕೊ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ಅಣ್ಣ..."

ಕೊಂಬೆ ಈಗ ಬರೀ ಕೊಂಬೆಯಾಗಿತ್ತು.

"ಈ ಸಿಟ್ಟೇ ಬೇಕಾಗಿತ್ತು!" ಕಾಲಿನ್ ಕುಣಿದಾಡಿದ. "ಏನಂದ? ಹೋಗಲಿ ಬಿಡು, ಇದರ ಮೇಲೆ ನನ್ನ ದನಿ ಹಾಕ್ತೀನಿ."

ವ್ಯಾನಿನಲ್ಲಿ ಒಪ್ಪಂದದಂತೆ ಪಕ್ಕದ ಸೀಟು ಖಾಲಿ ಬಿಟ್ಟಿದ್ದರು. ಕ್ಯಾಮೆರಾದವನು ದೊಡ್ಡ ಚೀಲವನ್ನು ತೊಡೆಯ ಮೇಲೆ ಹೊತ್ತು ಕೂತಿದ್ದ.

"ಇಲ್ಲಿಡಪ್ಪ. ಇಲ್ಲಿ ಯಾರೂ ಇಲ್ಲ" ಎಂದ ವುಸಿಮುಝಿ.

ಹಾಸಿಗೆ ಬಿಟ್ಟೇಳದ ಅಪ್ಪ ಗೋಡೆ ಹಿಡಿದು ಹೊಸಿಲಿಗೆ ಬಂದಿದ್ದ. ಎರಡೂ ಕೈ ಚಾಚಿ ಕೊಂಬೆ ಇಸಿದುಕೊಂಡು, ಒಳಗೆ ಹಿರಿಯರ ಜಾಗದಲ್ಲಿ ಮಲಗಿಸಿದ. "ಬಂದ್ಯಾ ಅಜ್ಜಾ? ತಡ ಮಾಡಿದ್ವಿ. ತಪ್ಪು ನಮ್ದೇ." ಆಮೇಲೆ ಮಗನ ಕಡೆ ತಿರುಗಿದ. "ಈಗ ಮಾತಾಡ್ಬಹುದು ಕಣೋ. ದಾರೀಲಿ ಏನಾದ್ರೂ ಅಂದ್ನಾ?"

ನಿಜ ಹೇಳಲು ವುಸಿಮುಝಿ ಬಾಯಿ ತೆರೆದ. ಅಪ್ಪನ ಮುಖ ನೋಡಿದ.

"ಮಗೂಗೆ ಜ್ವರ ಇಳೀತಾ ಅಂತ ಕೇಳ್ದ" ಎಂದ.

"ಇಳೀತು ಅಜ್ಜಾ, ಇಳೀತು! ಆ ಮಗು ಬದುಕಿದ್ದಕ್ಕೇ ನಾವಿರೋದು" ಎಂದು ಅಪ್ಪ ಅಳುತ್ತ, ನಗುತ್ತ, ಆ ಬರೀ ಕೊಂಬೆಗೆ ಹೇಳುತ್ತಲೇ ಇದ್ದ.