ಗುತ್ಯಮ್ಮನಿಗೆ ಬಂದ ಮದ್ದಿನ ಅಪವಾದ

ಅನ್ನದಲ್ಲಿ ಪ್ರಾಣವಾಗಿ, ಪ್ರಾಣದಲ್ಲಿ ಉಸಿರಾಗಿ, ಉಸಿರಿನಲ್ಲಿ ಸತ್ಯದ ನುಡಿಯಾಗಿ ನೆಲೆಸಿರುವ ಜಗನ್ಮಾತೆಗೆ ಕೈಮುಗಿದು ಈ ಕಥೆಯನ್ನು ತೊಡಗುತ್ತೇನೆ. ನಿರಪರಾಧಿಯ ಮೇಲೆ ಬಿದ್ದ ಸುಳ್ಳನ್ನು ಸುಳ್ಳೆಂದು ಹೇಳುವಾಗ ನಾಲಗೆ ಅಳುಕದಿರಲಿ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಜುಲೈ ತಿಂಗಳು. ಹೊಸನಗರದ ಒಂದು ವಿದ್ಯಾರ್ಥಿನಿಲಯದಲ್ಲಿ ನಲವತ್ತು ಹುಡುಗರು ಮೂರೇ ದಿನಗಳಲ್ಲಿ ಜ್ವರ, ಕೆಮ್ಮು, ಮೈಕೈನೋವಿನಿಂದ ಚಾಪೆ ಹಿಡಿದರು. ಅಡುಗೆಯ ಗುತ್ಯಮ್ಮ, ಐವತ್ತು ದಾಟಿದ ವಿಧವೆ, ಒಬ್ಬೊಬ್ಬನಿಗೂ ಗಂಜಿ ಕುಡಿಸಿದಳು, ಹಣೆಗೆ ಒದ್ದೆಬಟ್ಟೆ ಹಾಕಿದಳು, ಕಫ ಬಳಿದಳು. ಅವಳಿಗೆ ಮಾತ್ರ ಒಂದು ಸೀನೂ ಬರಲಿಲ್ಲ. ಪುಣ್ಯವೆಂದು ಕೊಂಡಾಡಬೇಕಾದ್ದೇ ಅವಳ ಪಾಪವಾಯಿತು.

ಕೆಲವು ಹೆಂಗಸರು ಅನ್ನದಲ್ಲಿ 'ಮದ್ದು' ಹಾಕುತ್ತಾರೆ, ಉಂಡವನು ಕೆಮ್ಮಿ ಕೆಮ್ಮಿ ಸೊರಗುತ್ತಾನೆ, ಹಾಕಿದವಳಿಗೆ ಏನೂ ಆಗದು ಎಂಬುದು ಆ ಸೀಮೆಯ ಹಳೆಯ ಭಯ. ಆ ಮಾತನ್ನು ಮೊದಲು ಆಡಿದವನು ನಿಲಯದ ವಾರ್ಡನ್ ಸೀತಾರಾಮಪ್ಪ.

"ಉಂಡೋರೆಲ್ಲ ಮಲಗಿದ್ರು, ಬಡಿಸಿದೋಳು ಗುಂಡುಕಲ್ಲಿನಂಗೆ ನಿಂತಿದಾಳೆ. ಇನ್ನೇನು ಸಾಕ್ಷಿ ಬೇಕ್ರೀ ನರ್ಸಮ್ಮ?" ಎಂದು ಅವನು ಸರ್ಕಾರಿ ಆಸ್ಪತ್ರೆಯ ನರ್ಸ್ ಮನೋರಮೆಯನ್ನು ಕೇಳಿದ.

"ಕಾವಲಿನ ಮುದುಕ ದುಗ್ಗಪ್ಪನೂ ನಿಂತಿದಾನಲ್ಲ, ಅವನೂ ಮದ್ದು ಹಾಕಿದನೋ?"

"ಅವನು ಗಂಡಸು ಕಣ್ರೀ."

ಮನೋರಮೆಯ ಮೈ ಉರಿಯಿತು. ಅಂದೇ ಗುತ್ಯಮ್ಮನ ಕೈಯಿಂದ ಸೌಟು ಕಸಿಯಲಾಯಿತು. ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟಿ, ಸಿಗಂದೂರಿಗೆ ಹೋಗಿ ಚೌಡೇಶ್ವರಿಯ ಮುಂದೆ ಆಣೆ ಇಟ್ಟು ಬಂದರೆ ಮಾತ್ರ ಒಳಗೆ ಪ್ರವೇಶ ಎಂದು ಅಪ್ಪಣೆಯಾಯಿತು. "ತಪ್ಪು ಮಾಡದೋಳು ಆಣೆ ಯಾಕೆ ಇಡ್ಬೇಕು?" ಎಂದು ಗುತ್ಯಮ್ಮ ಹೊರಟೇಹೋದಳು. ಆಮೇಲೆ ಊರಿನಲ್ಲಿ ಯಾರೂ ಅವಳ ಕೈಯಿಂದ ಒಂದು ಲೋಟ ನೀರು ಮುಟ್ಟಲಿಲ್ಲ.

ಮನೋರಮೆ ಗುತ್ಯಮ್ಮ, ದುಗ್ಗಪ್ಪ ಮತ್ತು ಆರು ಹುಡುಗರ ರಕ್ತ ತೆಗೆದು, ವೈದ್ಯರ ಸಹಿ ಹಾಕಿಸಿ, ದೂರದ ಪ್ರಯೋಗಾಲಯಕ್ಕೆ ಕಳಿಸಿದಳು. ಆರು ವಾರಗಳ ಮೇಲೆ ಉತ್ತರ ಬಂತು. ಹುಡುಗರನ್ನು ಕೆಡವಿದ್ದು ಫ್ಲೂ ವೈರಾಣು. ಇಪ್ಪತ್ತು ವರ್ಷಗಳ ಹಿಂದೆ ಕಣ್ಮರೆಯಾಗಿದ್ದ ಬಗೆಯೇ ಮರಳಿ ಬಂದಿತ್ತು. ವೈರಾಣುವಿನ ಹೊರಮೈಯ ಚಹರೆಯನ್ನು ಬರೆಯುವುದು ಅದರ ವಂಶವಾಹಿಗಳು. ಆ ಬರಹ ಬದಲಾದರೆ ಚಹರೆ ಬದಲಾಗುತ್ತದೆ, ದೇಹದ ಹಳೆಯ ಕಾವಲು ಅದನ್ನು ಗುರುತಿಸದು. ಹುಡುಗರು ಹುಟ್ಟಿದ ಮೇಲೆ ಸುಳಿದವೆಲ್ಲ ಬೇರೆ ಚಹರೆಯವು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟುವ ಎಷ್ಟೋ ಮೊದಲೇ ಜ್ವರದಲ್ಲಿ ನರಳಿ ಎದ್ದಿದ್ದ ಗುತ್ಯಮ್ಮನ ಮತ್ತು ದುಗ್ಗಪ್ಪನ ರಕ್ತ ಮಾತ್ರ ಹಳೆಯ ಶತ್ರುವನ್ನು ಮರೆತಿರಲಿಲ್ಲ, ಗುತ್ಯಮ್ಮನದರಲ್ಲಿ ಆ ನೆನಪು ಇನ್ನೂ ಗಟ್ಟಿಯಾಗಿತ್ತು. ಲಸಿಕೆಗೂ ಇದೇ ನಿಯಮ, ಸುಳಿಯುತ್ತಿರುವ ಚಹರೆಗೆ ಹೊಂದದ ಲಸಿಕೆ ಕಾಯದು. ಆದ್ದರಿಂದ ಲಸಿಕೆಯ ಪರೀಕ್ಷೆಗೆ ಗುತ್ಯಮ್ಮನ ರಕ್ತ ಇನ್ನಷ್ಟು ಬೇಕು ಎಂದು ಬರೆದಿತ್ತು.

ಪತ್ರದ ಒಂದು ಪ್ರತಿ ವಾರ್ಡನ್ನನಿಗೆ ಮೊದಲೇ ಹೋಗಿತ್ತು. ವಿಚಾರಿಸಿದರೆ, ಒಂಬತ್ತು ದಿನಗಳಿಂದ ಅದು ಅವನ ಮೇಜಿನ ಖಾನೆಯಲ್ಲಿ ಬಿದ್ದಿದೆ! ಒಂದು ಹೆಣ್ಣಿನ ಮಾನ ಬೀದಿಯಲ್ಲಿ, ಅದರ ಬಿಡುಗಡೆ ಬೀಗದ ಒಳಗೆ!

ಮನೋರಮೆ ಗುತ್ಯಮ್ಮನನ್ನು ಕರೆದುಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ನಿಲಯಕ್ಕೆ ನುಗ್ಗಿ, ಪತ್ರವನ್ನು ಎಲ್ಲರ ಮುಂದೆ ಓದಿದಳು.

"ಕಾಗದ ಯಾರು ಬೇಕಾದ್ರೂ ಟೈಪ್ ಮಾಡ್ತಾರೆ," ಎಂದ ಸೀತಾರಾಮಪ್ಪ. "ಅವಳನ್ನ ಒಳಗೆ ಸೇರಿಸಿದ್ರೆ ನನ್ನ ಮಾತಿಗೆ ಏನು ಬೆಲೆ?"

ಗದ್ದಲ ಕೇಳಿ ಪಕ್ಕದ ಮನೆಯಿಂದ ಅವನ ತಾಯಿ ವೆಂಕಮ್ಮ ಕೋಲೂರುತ್ತ ಬಂದಿದ್ದಳು.

"ಸೀತಾರಾಮ, ನಮ್ಮನೇಲಿ ನಿನ್ನ ಮಕ್ಕಳೂ ಇದೇ ಜ್ವರದಾಗೆ ಮಲಗಿದ್ದಾಗ ಗಂಜಿ ಕಾಸಿದ್ದು ಯಾರೋ?"

"ನೀನೇ ಅಮ್ಮ."

"ನಂಗೆ ಒಂದು ಸೀನಾದ್ರೂ ಬಂತೇನೋ?"

ಅವನು ಬಾಗಿಲತ್ತ ಸರಿದ.

"ಹಂಗಾರೆ ನನ್ನೂ ಸಿಗಂದೂರಿಗೆ ಕಳ್ಸು. ಲಾಂಚಿನಾಗೆ ನಾನೂ ಗುತ್ಯಮ್ಮನೂ ಒಟ್ಟಿಗೇ ಕೂತ್ಕತೀವಿ!"

ಹುಡುಗರು ನಕ್ಕುಬಿಟ್ಟರು. ಗುತ್ಯಮ್ಮ ನಗಲಿಲ್ಲ. ಮನೋರಮೆ ಗೆದ್ದ ಹುರುಪಿನಲ್ಲಿ ಚೀಲದಿಂದ ಸಿರಿಂಜು ತೆಗೆದು, "ಇನ್ನೊಂದು ಸಲ ಕೈ ಕೊಡು ಗುತ್ಯಮ್ಮ, ಲಸಿಕೆಗೆ ಬೇಕಂತೆ," ಎಂದಳು.

"ನನ್ನ ರಕ್ತ ಬೇಕು, ನನ್ನ ಕೈ ಅನ್ನ ಬ್ಯಾಡ. ಇದ್ಯಾವ ನ್ಯಾಯನ್ರೀ?"

"ಬೇಡ ಅಂದಿದ್ದು ವಾರ್ಡನ್ನು..."

"ಹುಡುಗ್ರನ್ನ ನೋಡಾಕೆ ದಿನಾ ಬರ್ತಿದ್ರಲ್ಲ, ನೀವು ಒಂದಿನ ಆದ್ರೂ ಉಂಡ್ರಾ? ಡಬ್ಬಿ ಬಿಚ್ಚಿ ಜಗಲಿ ಮ್ಯಾಲೆ ಕೂತ್ಕತಿದ್ರಿ."

ಮನೋರಮೆಯ ಹುರುಪು ತಟ್ಟನೆ ಇಳಿಯಿತು. ಸಾಗರದ ಕಡೆಯ ಮಡಿಯ ಮನೆತನದಲ್ಲಿ ಬೆಳೆದವಳು ಅವಳು. ಪರರ ಅಡುಗೆ ಮುಟ್ಟದಿರುವುದನ್ನು ಉಸಿರಾಟದಷ್ಟೇ ಸಹಜವೆಂದು ತಿಳಿದಿದ್ದಳು. ಮದ್ದಿನ ಅಂಜಿಕೆಯಿಂದ ದೂರವಿಟ್ಟವರಿಗೂ ಮಡಿಯ ಹೆಸರಿನಲ್ಲಿ ದೂರವಿಟ್ಟ ತನಗೂ ಈ ಹೆಂಗಸಿನ ಕಣ್ಣಿನಲ್ಲಿ ಏನು ಭೇದ? ಅಷ್ಟು ಹೊತ್ತು ಬೇರೆಯವರತ್ತ ಚಾಚಿದ್ದ ಬೆರಳು ಈಗ ಅವಳ ಎದೆಯನ್ನೇ ಚುಚ್ಚಿತು.

ಸಿರಿಂಜನ್ನು ಚೀಲಕ್ಕೆ ಹಾಕಿ ಅವಳು ಪಂಕ್ತಿಯ ಕೊನೆಯಲ್ಲಿ ಕುಳಿತು ಎಲೆ ಹಾಕಿಕೊಂಡಳು. "ಬಡಿಸು," ಎಂದಳು.

"ಇವತ್ತಿನ ಅಡುಗೆ ನಂದಲ್ಲ."

"ಹಾಗಾದರೆ ಮಾಡು, ಕಾಯುತ್ತೇನೆ."

ವೆಂಕಮ್ಮನೂ ಪಕ್ಕದಲ್ಲಿ ಕುಳಿತಳು. ಬಡಿಸುತ್ತಿದ್ದವನು ಸೌಟು ಕೆಳಗಿಟ್ಟ. ಗುತ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆಯತ್ತ ನಡೆದಳು. ಬಿಸಿಗಂಜಿ ಎಲೆಗೆ ಬೀಳುವವರೆಗೂ ಒಬ್ಬ ಹುಡುಗನೂ ಕದಲಲಿಲ್ಲ. ಸೀತಾರಾಮಪ್ಪ ಮಾತ್ರ ಬಾಗಿಲಲ್ಲೇ ನಿಂತಿದ್ದ. ಅವನನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ಮನೋರಮೆ ಉಂಡು ಕೈತೊಳೆದ ಮೇಲೆ ಗುತ್ಯಮ್ಮ ತಾನಾಗಿಯೇ ಎದುರು ಕುಳಿತು ತೋಳು ಚಾಚಿದಳು.

ಈ ಕಥೆಯನ್ನು ಕೇಳಿದವರ ಉಸಿರು ನಿರಾಳವಾಗಿರಲಿ, ಅವರ ಮಕ್ಕಳನ್ನು ರೋಗ ಮುಟ್ಟದಿರಲಿ, ಅವರ ಬಾಯಿಂದ ಯಾರ ಮೇಲೂ ಅಪವಾದ ಹೊರಡದಿರಲಿ. ಸರ್ವರಿಗೂ ಮಂಗಳವಾಗಲಿ.