ಸಕ್ಕರೆಗೆ ಹಾಕಿದ ಬೀಗ

ನಮ್ಮವರದು ಬೀಗ ರಿಪೇರಿ ಕೆಲಸ. ಕಂಡವರ ಬೀರು, ಶಟರು, ಪೆಟ್ಟಿಗೆಗಳನ್ನೆಲ್ಲ ತೆರೆದುಕೊಡುವ ಈ ಮಹಾನುಭಾವರು ಸ್ವಂತ ಅಡುಗೆಮನೆಯ ಕಪಾಟಿಗೆ ಬೀಗ ಜಡಿದಿದ್ದರು. ಒಳಗೆ ಚಿನ್ನವೇನೂ ಇರಲಿಲ್ಲ. ಸಕ್ಕರೆ ಡಬ್ಬ, ಜೇನಿನ ಬಾಟಲಿ, ಬಿಸ್ಕತ್ತು, ಅಷ್ಟೇ. ಕಳ್ಳಿ ಬೇರೆ ಯಾರೂ ಅಲ್ಲ, ನಾನೇ.

ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರಿಗೂ ಇನ್ಸುಲಿನ್. ಒಂದೇ ಅಡುಗೆ, ಒಂದೇ ವಾಕಿಂಗು. ಅವರ ಸಕ್ಕರೆ ಹೇಳಿದ ಮಾತು ಕೇಳಿಕೊಂಡು ಇದ್ದಲ್ಲೇ ಇರುತ್ತಿತ್ತು. ನನ್ನದು ತಿಂಗಳಿಗೊಂದು ವಾರ ಕಾರಣವೇ ಇಲ್ಲದೆ ಏರಿ ಕೂರುತ್ತಿತ್ತು.

"ಕದ್ದು ತಿಂತೀಯ ನೀನು."

"ಆಣೆ ಮಾಡಿ ಹೇಳ್ತೀನಿ ರೀ, ಒಂದು ಕಾಳು ಸಕ್ಕರೆ ಮುಟ್ಟಿಲ್ಲ."

"ಮತ್ತೆ ಆಕಾಶದಿಂದ ಉದುರ್ತಾ? ನಾನೂ ಅದೇ ಊಟ ಮಾಡ್ತೀನಿ, ಅದೇ ಔಷಧಿ ಚುಚ್ಕೋತೀನಿ. ನನಗ್ಯಾಕೆ ಏರಲ್ಲ?"

ಈ ಕಾಯಿಲೆ ಇದೆಯೆಂದು ತಿಳಿದಾಗಲೂ ನಾನು ಅಳಲಿಲ್ಲ. ಕಟ್ಟಿಕೊಂಡ ಗಂಡನ ಬಾಯಲ್ಲಿ ಕಳ್ಳಿ ಅನ್ನಿಸಿಕೊಂಡ ದಿನ ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ನನ್ನ ಮುಟ್ಟಿನ ತಾರೀಕು ಕೇಳಿದ್ದೇ ತಡ, ನಮ್ಮವರಿಗೆ ಎಲ್ಲಿಲ್ಲದ ಫೋನು ನೆನಪಾಯಿತು. ಎದ್ದು ಹೊರಗೆ ಹೋದವರು ಚೀಟಿ ಬರೆಯುವ ಹೊತ್ತಿಗೇ ವಾಪಸು ಬಂದದ್ದು. ಇವರು ಕೇಳಿಸಿಕೊಳ್ಳಬೇಕಾಗಿದ್ದ ಡಾಕ್ಟರಮ್ಮನ ಮಾತೆಲ್ಲ ಆ ನಡುವೆ ಮುಗಿದುಹೋಗಿತ್ತು.

"ಸಕ್ಕರೆ ರಕ್ತದಲ್ಲೇ ನಿಂತ್ರೆ ಪ್ರಯೋಜನ ಇಲ್ಲಮ್ಮ, ಮಾಂಸಖಂಡದ ಒಳಗೆ ಹೋಗ್ಬೇಕು. ಒಳಗೆ ಬಿಡೋ ಬಾಗಿಲು ತೆಗೆಸೋದು ಇನ್ಸುಲಿನ್. ಆದ್ರೆ ಗಂಡಸರ ಮೈ ಬೇರೆ, ನಮ್ಮ ಮೈ ಬೇರೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಕೆಲವರಿಗೆ ಆ ಬಾಗಿಲು ಸಲೀಸಾಗಿ ತೆರೆಯಲ್ಲ. ಸಕ್ಕರೆ ಹೊರಗೇ ನಿಲ್ಲುತ್ತೆ. ಆಗ ಡೋಸು ಸ್ವಲ್ಪ ಏರಿಸ್ಕೊಳ್ಳಿ. ಮುಟ್ಟಾದ ದಿನ ಮಾತ್ರ ಮರೀದೆ ಇಳಿಸ್ಬೇಕು. ಇಲ್ಲಾಂದ್ರೆ ಸಕ್ಕರೆ ಒಮ್ಮೆಲೇ ಕುಸಿಯುತ್ತೆ. ಹುಷಾರು."

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಾಗಿಲಂತೆ! ಬಾಗಿಲಿನ ವಿಷಯ ನನಗೇ ಹೇಳಿಕೊಡ್ತೀಯಾ? ಇವತ್ತು ತೆಗೆದ ಕೀ ನಾಳೆನೂ ತೆಗೆಯುತ್ತೆ ಕಣೇ."

ಮರುದಿನವೇ ಕಪಾಟಿಗೆ ಬೀಗ ಬಿತ್ತು. ಕೀ ಅವರ ಷರ್ಟಿನ ಜೇಬು ಸೇರಿತು. ಡಾಕ್ಟರಮ್ಮನ ಮಾತಿನಲ್ಲಿ ಡೋಸು ಏರಿಸಬೇಕೆಂಬ ಅರ್ಧವನ್ನು ಮಾತ್ರ ಒಪ್ಪಿಕೊಂಡರು. ದಿನಾ ಬೆಳಗ್ಗೆ ನನ್ನ ಇನ್ಸುಲಿನ್ ಪೆನ್ನನ್ನು ತಾವೇ ತಿರುಗಿಸಿ ಅಳತೆ ಇಟ್ಟುಕೊಡತೊಡಗಿದರು.

ಹೀಗಿರುವಾಗ ಒಂದು ದಿನ ಬೆಳಗ್ಗೆಯೂ ಸಕ್ಕರೆ ಏರಿಯೇ ಇತ್ತು. ಇವರು ಅಳತೆಯನ್ನು ಇನ್ನೊಂದಿಷ್ಟು ತಿರುಗಿಸಿದರು. ವಾದ ಮಾಡುವ ಚೈತನ್ಯ ಇರಲಿಲ್ಲ, ಚುಚ್ಚಿಕೊಂಡು ತಿಂಡಿ ತಿಂದೆ. ಇವರು ಅಂಗಡಿಗೆ ಹೋದರು.

ನಾನು ಶಾಲೆಯ ಚೀಲ ಹೊಲಿಯುವವಳು. ಮೆಷಿನ್ ಮುಂದೆ ಕೂತೆ, ಎದ್ದೆ, ಕಿಟಕಿಗೆ ಹೋದೆ, ಮತ್ತೆ ಬಂದು ಕೂತೆ. ದಾರ ಸೂಜಿಗೆ ಏರಲೊಲ್ಲದು. ಮನಸ್ಸು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಯಾಕೆಂದು ಗೊತ್ತಾಗಲಿಲ್ಲ. ಕಿಬ್ಬೊಟ್ಟೆ ಹಿಡಿದುಕೊಂಡಿತೆಂದು ಬಚ್ಚಲಿಗೆ ಹೋದಾಗ ಗೊತ್ತಾಯಿತು. ಮುಟ್ಟಾಗಿತ್ತು, ಏರಿಸಿದ ಡೋಸು ಮೈಯಲ್ಲಿತ್ತು.

ಹೊರಗೆ ಬರುವಷ್ಟರಲ್ಲಿ ಬೆನ್ನೆಲ್ಲ ಬೆವರು. ಎದೆ ಡವಡವ. ಅಡುಗೆಗೆ ಇನ್ನೂ ಕೈ ಹಚ್ಚಿರಲಿಲ್ಲ. ತಟ್ಟೆಯಲ್ಲಿ ಹಸಿ ತರಕಾರಿ, ಕಪಾಟಿಗೆ ಬೀಗ. ಫೋನು ಮಾಡಿದೆ.

"ರೀ, ಕೀ ತಗೊಂಡು ಬೇಗ ಬನ್ನಿ. ಸಕ್ಕರೆ ಬೇಕು."

"ಹಾಂ! ಈಗ ದಾರಿಗೆ ಬಂದೆ ನೋಡು!" ಎಂದರು. ಫೋನು ಕಟ್ಟಾಯಿತು.

ಮತ್ತೆ ಒತ್ತೋಣವೆಂದರೆ ಅಂಕಿಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಮೆಟ್ಟಿಲಿಳಿದು ಕೆಳಗಿನ ಮನೆಗೆ ಹೋಗೋಣವೆಂದರೆ ಕಾಲು ನನ್ನದಾಗಿ ಉಳಿದಿರಲಿಲ್ಲ. ಸತ್ತುಹೋಗುತ್ತೇನೆ ಅನ್ನಿಸಿತು. ಸತ್ತರೆ ಇವರು ಎಲ್ಲರ ಮುಂದೆ "ಕದ್ದು ತಿಂತಿದ್ಳು" ಅನ್ನುತ್ತಾರಲ್ಲ ಎಂದು ನೆನೆದು ಸಾವಿಗಿಂತ ಹೆಚ್ಚಾಗಿ ಅದಕ್ಕೇ ಸಿಟ್ಟು ಬಂತು. ಆ ಸಿಟ್ಟೇ ನನ್ನನ್ನು ಕಪಾಟಿನವರೆಗೆ ಎಳೆದುಕೊಂಡು ಹೋಯಿತು.

ಬೀಗ ಇವರದೇ ಕೈಯದು, ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಆದರೆ ಗಿರಾಕಿಗಳಿಗೆ ಇವರು ಹೇಳುತ್ತಿದ್ದ ಮಾತು ಎಷ್ಟು ಸಲ ಕೇಳಿಲ್ಲ ನಾನು: "ಬೀಗ ಬಿಡಿ ಸ್ವಾಮಿ, ಮೊದಲು ಬಾಗಿಲ ಕೀಲು ಭದ್ರ ಇದೆಯಾ ನೋಡ್ಕೊಳ್ಳಿ." ಕತ್ತರಿಯ ತುದಿಯನ್ನು ಕೀಲಿನ ಸ್ಕ್ರೂಗೆ ಕೊಟ್ಟು ತಿರುಗಿಸಿದೆ. ಜಾರಿತು. ಬೆರಳು ಕೊಯ್ದುಕೊಂಡಿತು. ಮತ್ತೆ ಕೊಟ್ಟೆ. ಒಂದು ಸ್ಕ್ರೂ ಬಿತ್ತು, ಇನ್ನೊಂದು ಬಿತ್ತು. ಬಾಗಿಲು ಬೀಗಕ್ಕೆ ಜೋತುಬಿದ್ದು ನನ್ನ ಕಡೆ ವಾಲಿತು. ಡಬ್ಬ ನೆಲಕ್ಕುರುಳಿತು. ನಾನೂ ನೆಲದ ಮೇಲೆ ಕೂತು ಸಕ್ಕರೆಯನ್ನು ಬೊಗಸೆಬೊಗಸೆ ಬಾಯಿಗೆ ತುಂಬಿಕೊಂಡೆ.

ಆಗ ಬಂದರು. ಕೀ ಕೊಡಲಿಕ್ಕಲ್ಲ, ಹಿಡಿಯಲಿಕ್ಕೆ. ಬಾಗಿಲಲ್ಲೇ ನಿಂತು ಕೂಗಿದರು.

"ಸಿಕ್ಕಿಬಿದ್ದೆಯಲ್ಲೇ ಕೊನೆಗೂ!"

ಬಾಯಿ ತುಂಬ ಸಕ್ಕರೆ ಇತ್ತು. ಕೈ ಚಾಚಿದೆ. ಅದು ನಡುಗುತ್ತಿದ್ದ ರೀತಿ, ಬೆರಳಿನ ರಕ್ತ, ಮೈಗಂಟಿದ ಬಟ್ಟೆ ನೋಡಿ ಅವರ ಗೆದ್ದ ಮುಖ ಇಳಿಯಿತು. ಓಡಿಹೋಗಿ ಮೀಟರು ತಂದರು. ಚುಚ್ಚಬೇಕಾಗಿರಲಿಲ್ಲ, ಬೆರಳು ಆಗಲೇ ಕೊಯ್ದಿತ್ತು. ಅದರ ರಕ್ತವನ್ನೇ ಮೀಟರಿಗೆ ಒತ್ತಹೊರಟರು. ಸಕ್ಕರೆ ಮೆತ್ತಿದ ಬೆರಳು ಸುಳ್ಳು ಹೇಳುತ್ತದೆಂದು ನೆನಪಾಗಿ, ಇನ್ನೊಂದು ಕೈಯ ಬೆರಳನ್ನು ತೊಳೆದು ಚುಚ್ಚಿದರು. ಅಷ್ಟೆಲ್ಲ ತಿಂದ ಮೇಲೂ ಅಂಕಿ ಪಾತಾಳದಲ್ಲಿತ್ತು.

ಮೀಟರನ್ನು ಎರಡು ಸಲ ನೋಡಿದರು. ಆಮೇಲೆ ನೆಲದ ಮೇಲೆ ಕೂತು, ಚೆಲ್ಲಿದ್ದ ಸಕ್ಕರೆಯನ್ನು ಚಮಚದಲ್ಲಿ ಬಳಿದು ನೀರಿಗೆ ಹಾಕಿ ಕಲಕಿ ತಾವೇ ಕುಡಿಸಿದರು. 

"ಬಾಗಿಲು ಮತ್ತೆ ಕೂರಿಸ್ತೀನಿ," ಎಂದರು ಸಂಜೆ, ಸ್ಕ್ರೂಡ್ರೈವರ್ ಹಿಡಿದುಕೊಂಡು.

"ಮುಟ್ಟಿದ್ರೆ ನೋಡಿ!" ಎಂದೆ. ಕಪಾಟಿಗೆ ಇವತ್ತಿಗೂ ಬಾಗಿಲಿಲ್ಲ.

ಮುಂದಿನ ಸಲ ಡಾಕ್ಟರಮ್ಮ ತಾರೀಕು ಕೇಳಿದಾಗ ಇವರ ಜೇಬಿನಲ್ಲಿ ಫೋನು ನಿಜವಾಗಿಯೂ ಹೊಡೆದುಕೊಳ್ಳುತ್ತಿತ್ತು. ಎದ್ದು ಹೋಗಲಿಲ್ಲ. ಕಿವಿ ಕೆಂಪಗೆ ಮಾಡಿಕೊಂಡು, ತಿರುಗುವ ಫ್ಯಾನು ನೋಡುತ್ತಾ, ನನಗಿಂತ ಮೊದಲು ತಾವೇ ತಾರೀಕು ಹೇಳಿದರು.

ಒಂದು ದಿನ ತಪ್ಪಿತ್ತು. ತಿದ್ದಿದೆ. ಆವತ್ತು ಅಂಥ ಒಂದು ದಿನದ ತಪ್ಪಿನಲ್ಲೇ ನಾನು ಸತ್ತುಹೋಗುವುದರಲ್ಲಿದ್ದೆ.