ನತ್ತ, ಬಸವನ ಹುಳ

ಪಕ್ಕೀರಪ್ಪನಿಗೆ ಪಾರ್ಶ್ವವಾಯು ಬಡಿದು ಮೂರು ತಿಂಗಳಾಗಿತ್ತು. ಕೈಕಾಲು ಸುಧಾರಿಸಿದ್ದವು, ಮಾತು ಮಾತ್ರ ಬಂದಿರಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿ ಹಮಾಲರನ್ನು ಕೂಗಿ ಕರೆಯುತ್ತಿದ್ದವನು ಈಗ ನೀರು ಬೇಕಾದರೂ ಲೋಟ ತೋರಿಸುತ್ತಿದ್ದ. ಪ್ರತಿ ಮಂಗಳವಾರ ಹೆಂಡತಿ ವಿರೂಪಮ್ಮ ಅವನನ್ನು ಕುರುಗೋಡಿನಿಂದ ಬಸ್ಸಿನಲ್ಲಿ ಬಳ್ಳಾರಿಗೆ, ಮಾತು ಕಲಿಸುವ ಅರುಣಾ ಮೇಡಂ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು.

ಅವತ್ತೂ ಮೇಡಂ ಚಿತ್ರದ ಕಾರ್ಡು ತೋರಿಸಿದರು. ಆಕಳು, ಕೊಡ, ಕುರ್ಚಿ. ಪಕ್ಕೀರಪ್ಪ ತುಟಿ ಆಡಿಸಿದ, ದನಿ ಹೊರಡಲಿಲ್ಲ. ಆಮೇಲೆ ಸುರುಳಿ ಚಿಪ್ಪು ಹೊತ್ತ ಹುಳದ ಚಿತ್ರ ಬಂತು.

“ನತ್ತ,” ಅಂದ.

ವಿರೂಪಮ್ಮನಿಗೆ ಆ ಮಾತು ತಿಳಿಯಲಿಲ್ಲ. ಆದರೂ ಗಂಡನ ದನಿ ಕೇಳಿ ಅವಳ ಕಣ್ಣು ತುಂಬಿದವು.

“ತೆಲುಗಿನ್ಯಾಗ ಹಂಗಂತಾರ,” ಎಂದರು ಮೇಡಂ. “ಮನ್ಯಾಗ ತೆಲುಗು ಆಡ್ತೀರೇನ್ರಿ?”

“ಇಲ್ರಿ. ಸಣ್ಣವ್ರಿದ್ದಾಗ ಆದೋನ್ಯಾಗ ಇವ್ರ ಅಮ್ಮಮ್ಮನ ಹತ್ರ ಇದ್ರಂತ. ಆಕಿ ತೆಲುಗಿನಾಕಿ.”

ಐವತ್ತು ವರ್ಷದ ಹಿಂದಿನ ಮಾತು ತನ್ನ ಬಾಯಿಂದಲೇ ಬಂದದ್ದಕ್ಕೆ ಪಕ್ಕೀರಪ್ಪನಿಗೂ ಅಚ್ಚರಿ. ಸೊಟ್ಟ ಬಾಯಲ್ಲೇ ನಗುತ್ತ, “ನತ್ತ, ನತ್ತ,” ಅಂದ.

“ನಮ್ಮ ಕಡಿ ಏನಂತೀವಿ, ನೆಪ್ಪು ಮಾಡಿಕೊಳ್ರಿ,” ಎನ್ನುತ್ತ ವಿರೂಪಮ್ಮ ಎದ್ದು ನಿಂತಳು. ನಾಚಿಕೆ ಬಿಟ್ಟು ಎರಡು ಬೆರಳನ್ನು ಹಣೆಯ ಮೇಲೆ ಕೊಂಬಿನಂತೆ ಇಟ್ಟುಕೊಂಡು, ನೆಲದ ಮೇಲೆ ಕಾಲು ಸರಿಸುತ್ತ ಮೆಲ್ಲಗೆ ಅವನತ್ತ ಬಂದಳು. “ಕೊಂಬು ಅದಾವಲ್ಲ ಇದಕ್ಕ, ಎತ್ತಿನಂಗ. ಅದಕ್ಕ ಯಾರ ಹೆಸರು ಇಟ್ಟಾರ?”

ಪಕ್ಕೀರಪ್ಪ ಅವಳನ್ನೇ ನೋಡಿದ. “ಬ... ಬಸವ,” ಅಂದ. ತಡೆದು, “ಬಸವನ ಹುಳ.”

ಸಂಜೆ ಕುರುಗೋಡಿನಲ್ಲಿ ಬಸ್ಸಿಳಿದವನು ಮನೆಯ ದಾರಿ ಹಿಡಿಯಲಿಲ್ಲ. ಹೆಂಡತಿಯ ಕೈ ಹಿಡಿದು ನೇರ ದೊಡ್ಡ ಬಸವೇಶ್ವರನ ಗುಡಿಗೆ ನಡೆದ. ಆಳೆತ್ತರಕ್ಕೂ ಮೀರಿದ ಕಲ್ಲಿನ ಬಸವಣ್ಣನ ಮುಂದೆ ನಿಂತು ಬೆರಳು ತೋರಿಸುತ್ತ ಹೋದ. “ಮೂಗು. ಕಣ್ಣು. ಕಿವಿ.” ಪ್ರತಿ ಮಾತಿಗೂ ಹೆಂಡತಿಯತ್ತ ತಿರುಗಿ, ಅವಳು ತಲೆಯಾಡಿಸಿದ ಮೇಲೇ ಮುಂದಿನದು. ದರ್ಶನಕ್ಕೆ ಬಂದವರು ದಾರಿ ಬಿಟ್ಟು ನಿಂತರು.

ಬಸವಣ್ಣನ ಹಿಂಬದಿಗೆ ಬಂದು ಬಾಲಕ್ಕೆ ಬೆರಳು ತೋರಿಸಿದಾಗ ಮಾತು ಸಿಕ್ಕಿಹಾಕಿಕೊಂಡಿತು. ವಿರೂಪಮ್ಮ ಹೇಳಿಕೊಡಲಿಲ್ಲ, ಸೆರಗು ಕಚ್ಚಿ ಕಾದಳು.

“ತೋಕ,” ಅಂದ ಕೊನೆಗೆ.

“ಅದೂ ನಿಮ್ಮ ಅಮ್ಮಮ್ಮಂದ ಏನ್ರಿ?”

ಹೌದೆಂದು ತಲೆಯಾಡಿಸಿದ.

“ಇರ್ಲಿ. ನನಗೂ ಅಷ್ಟು ತೆಲುಗು ಕಲಿಸ್ರಿ,” ಅಂದಳು. ಇಬ್ಬರೂ ನಗುತ್ತ ಬಸವಣ್ಣನಿಗೆ ಇನ್ನೊಂದು ಸುತ್ತು ಹಾಕಿದರು.